ಮರೆವಿನ ಮುಪ್ಪು ಮತ್ತು ಸೇವೆಯ ವಿವೇಕ

ಹಿರಿಯರ ಸೇವೆ ಎಂದೊಡನೆ ಅವರಿಗೆ ಉಣಿಸುವುದು, ಉಡಿಸುವುದು, ಎಲ್ಲ ಕೆಲಸಗಳನ್ನೂ ಮಾಡಿಕೊಡುವುದು ಎಂಬ ಭಾವನೆಯೇ ಸಾಮಾನ್ಯವಾಗಿ ಮೂಡುತ್ತದೆ. ಈ ಭಾವನೆ ಶ್ರೇಷ್ಠವಾದುದೇ. ಆದರೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಮನೆಯನ್ನು ಹೊಕ್ಕಾಗ ಇಂಥ ಸೇವೆಯೇ ಹಿರಿಯರಲ್ಲಿ ಉಳಿದಿರುವ ಶಕ್ತಿಯನ್ನು ಕುಂದಿಸಬಹುದೆಂಬುದು ವಿಚಾರಾರ್ಹ.

ಇದು ವಯೋಸಹಜ ಮರೆವಲ್ಲ; ಮೆದುಳಿನ ರೋಗಗಳ ಪರಿಣಾಮ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ ವಿವರಿಸಿದ ರೋಗವು ಇದರ ಅತಿ ಸಾಮಾನ್ಯ ಕಾರಣ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಇದಕ್ಕೆ ತುತ್ತಾಗಿದ್ದಾರೆ. ಬಹುತೇಕ ಬಗೆಗಳನ್ನು ಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ. ಆದರೂ ಪುನಶ್ಚೇತನಕ್ಕೆ ಅವಕಾಶವಿದೆ. ಕಳೆದುಹೋದ ನೆನಪನ್ನು ಮರಳಿ ತರುವುದು ಅದರ ಗುರಿಯಲ್ಲ. ಉಳಿದ ಶಕ್ತಿಯಿಂದಲೇ ದಿನನಿತ್ಯದ ಬಾಳು ಸಾಗುವಂತೆ ಮಾಡುವುದು ಅದರ ಗುರಿ.

ಇದು ಒಬ್ಬರಿಂದಾಗುವ ಕೆಲಸವಲ್ಲ. ವೈದ್ಯರು ಮೊದಲು ಥೈರಾಯ್ಡ್ ದೋಷ, ಖಿನ್ನತೆ, ಬಿ-12 ಜೀವಸತ್ವದ ಕೊರತೆ ಮುಂತಾದ ಪರಿಹರಿಸಬಲ್ಲ ಕಾರಣಗಳನ್ನು ಹುಡುಕುತ್ತಾರೆ. ಸಸ್ಯಾಹಾರಿಗಳಲ್ಲಿ ಬಿ-12 ಕೊರತೆ ಹೆಚ್ಚಾದ್ದರಿಂದ ಜೈನ ಕುಟುಂಬಗಳು ಈ ರಕ್ತಪರೀಕ್ಷೆಯನ್ನು ಅಲಕ್ಷಿಸಬಾರದು. ಫಿಸಿಯೋಥೆರಪಿಸ್ಟರು ಬೀಳದಂತೆ ನಡೆಯುವ ಅಭ್ಯಾಸ ಮಾಡಿಸುತ್ತಾರೆ. ವಾಕ್‌ಚಿಕಿತ್ಸಕರು ಮಾತಿನ ಜೊತೆಗೆ ನುಂಗುವ ತೊಂದರೆಯನ್ನೂ ಗಮನಿಸುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟರು ಸ್ನಾನ, ಉಡುಗೆ, ಮನೆಗೆಲಸಗಳನ್ನು ಸಣ್ಣ ಸಣ್ಣ ಹಂತಗಳಾಗಿ ವಿಂಗಡಿಸಿಕೊಡುತ್ತಾರೆ. ದಾದಿಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಕುಟುಂಬಕ್ಕೆ ಒತ್ತಾಸೆಯಾಗುತ್ತಾರೆ. ಇವರೆಲ್ಲರೂ ರೋಗಿಯ ಇಚ್ಛೆಯನ್ನರಿತು, ಕೂಡಿ ಕುಳಿತು ಗುರಿಯನ್ನು ನಿಶ್ಚಯಿಸುವುದೇ ಈ ಪದ್ಧತಿಯ ತಿರುಳು.

ಐವತ್ತು ವರ್ಷ ಅಡುಗೆಮನೆಯನ್ನು ನಡೆಸಿದ ತಾಯಿ ಒಲೆ ಆರಿಸುವುದನ್ನು ಮರೆತರೆ ಅವರನ್ನು ಮೂಲೆಯಲ್ಲಿ ಕೂರಿಸುವುದು ಸುಲಭ. ತಂಡದ ದಾರಿ ಬೇರೆ. ಒಲೆಯ ಕೆಲಸ ಬೇರೆಯವರಿಗೆ. ಅವರೆಕಾಯಿ ಸುಲಿಯುವುದು, ಅಕ್ಕಿಯ ಕಲ್ಲು ಆರಿಸುವುದು ತಾಯಿಗೇ. ಬಚ್ಚಲ ಗೋಡೆಗೆ ಹಿಡಿಕೆ ಬೇಕು. ಅದರ ಬಾಗಿಲಿಗೆ ಗುರುತಿನ ಚಿತ್ರ ಬೇಕು. ತಪ್ಪಿದ ಮೇಲೆ ಗದರುವುದಕ್ಕಿಂತ ತಪ್ಪುವ ಮುನ್ನವೇ ಸುಳಿವು ಕೊಡುವುದು ಲೇಸು. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿದರೂ ಕಾಯುವ ತಾಳ್ಮೆ ಇಲ್ಲಿ ಔಷಧದಷ್ಟೇ ಮುಖ್ಯ.

ಆದರೆ ಈ ತಾಳ್ಮೆಯನ್ನು ಮನೆಯ ಒಬ್ಬ ಸೊಸೆಯಿಂದಲೋ ಮಗಳಿಂದಲೋ ಹಗಲಿರುಳೂ ನಿರೀಕ್ಷಿಸುವುದು ನ್ಯಾಯವಲ್ಲ. ಹಿರಿಯರನ್ನು ಕಾಯುವವರು ಬಳಲಿ ಕುಸಿಯುವಂತೆ ಬಿಡುವುದೂ ಹಿಂಸೆಯೇ. ಗಂಡುಮಕ್ಕಳು, ಬಂಧುಗಳು ಸರದಿಯಂತೆ ಹೊಣೆ ಹೊರಬೇಕು. ಇಂಥ ಕುಟುಂಬಗಳ ನೆರವಿಗೆಂದೇ ಭಾರತದಲ್ಲಿ 1992ರಲ್ಲಿ ಎಆರ್‌ಡಿಎಸ್‌ಐ ಸಂಸ್ಥೆ ಹುಟ್ಟಿತು. ಆದರೆ ಸಣ್ಣ ಊರುಗಳಲ್ಲಿ ಪೂರ್ಣ ತಂಡ ದೊರೆಯುವುದು ಕಷ್ಟ. ಬಸದಿಗಳ ಟ್ರಸ್ಟುಗಳು ತಮ್ಮ ಸಭಾಭವನವನ್ನು ವಾರಕ್ಕೊಂದು ದಿನ ಇದಕ್ಕಾಗಿ ಬಿಟ್ಟುಕೊಟ್ಟು, ತಜ್ಞರನ್ನು ಕರೆಸಿದರೆ ಹಲವು ಮನೆಗಳ ಭಾರ ಹಗುರಾದೀತು.

ಹೆಸರು ಮರೆತವರೂ ಆದರವನ್ನು ಗುರುತಿಸಬಲ್ಲರು. ಅವರು ಮಾಡಬಲ್ಲುದನ್ನು ಅವರಿಗೇ ಬಿಟ್ಟು, ಮಾಡಲಾಗದುದಕ್ಕೆ ಮಾತ್ರ ಕೈ ನೀಡುವುದೇ ವಿವೇಕಯುತವಾದ ಸೇವೆ.