ಕುಡಿ ಚಿವುಟುವವರ ಅವಸರ

ಸೆಪ್ಟೆಂಬರ್ ಕಾಲಿಟ್ಟಿತೆಂದರೆ ಬ್ರಿಟನ್ನಿನ ಕೈತೋಟಗಳಲ್ಲಿ ಒಂದು ಹಳೆಯ ಸಲಹೆ ಬೇಲಿಯಿಂದ ಬೇಲಿಗೆ ದಾಟತೊಡಗುತ್ತದೆ: ಬ್ರಸೆಲ್ಸ್ ಸ್ಪ್ರೌಟ್ಸ್ ಗಿಡದ ಕುಡಿ ಚಿವುಟಿಬಿಡಿ, ಮರಿಕೋಸುಗಳು ಬೇಗ ದಪ್ಪವಾಗುತ್ತವೆ. ಹೇಳುವವರಿಗೆ ಗಿಡದ ಮೇಲೆ ಅಕ್ಕರೆಯೇ ಇದೆ. ಆದರೂ ವಸಂತದಿಂದ ಸಾಕಿಕೊಂಡು ಬಂದ ಗಿಡದ ನೆತ್ತಿಗೆ ಕೈಹಾಕುವ ಈ ಅವಸರ ಮನೆತೋಟಕ್ಕೆ ಸಲ್ಲದು.

ಸೊಂಟದೆತ್ತರದ ಒಂದು ದಂಟು, ಅದರ ಸುತ್ತ ಬುಡದಿಂದ ಮೇಲಿನವರೆಗೆ ಒತ್ತೊತ್ತಾಗಿ ಕೂತ ಮರಿಕೋಸುಗಳು, ನೆತ್ತಿಯಲ್ಲಿ ಎಲೆಗಳ ಕೊಡೆ. ಎಲೆಕೋಸು, ಹೂಕೋಸು, ನವಿಲುಕೋಸುಗಳದೇ ಪ್ರಭೇದ ಇದು, ಬ್ರಾಸಿಕಾ ಒಲೆರೇಸಿಯಾ. ಎಲೆಕೋಸು ತನ್ನ ನೆತ್ತಿಯ ಮೊಗ್ಗೊಂದನ್ನೇ ದೊಡ್ಡದು ಮಾಡಿದರೆ, ಇದು ಪ್ರತಿ ಎಲೆಯ ಕಂಕುಳಲ್ಲೂ ಒಂದೊಂದು ಮೊಗ್ಗನ್ನು ಬಿಗಿಯಾಗಿ ಸುತ್ತುತ್ತದೆ. ಬಲಿಯುವುದು ಕೆಳಗಿನಿಂದ ಮೇಲಕ್ಕೆ. ಬುಡದವು ಅಡುಗೆಮನೆ ಸೇರುವಾಗ ಮೇಲಿನವು ಇನ್ನೂ ಬಟಾಣಿ ಗಾತ್ರ. ಮಾರ್ಚ್-ಏಪ್ರಿಲಿನಲ್ಲಿ ಬಿತ್ತಿ ಮೇ-ಜೂನಿನಲ್ಲಿ ನಾಟಿ ಮಾಡಿದವರು, ಮುಂಗಡದ ತಳಿಯ ಜೊತೆಗೆ ತಡವಾಗಿ ಬರುವ ತಳಿಯನ್ನೂ ಹಾಕಿಕೊಂಡಿದ್ದರೆ, ಅಕ್ಟೋಬರಿನಿಂದ ಮಾರ್ಚಿನ ತನಕ ಕೊಯ್ಯುತ್ತಿರಬಹುದು. ಉಳಿದ ಪಾತಿಗಳೆಲ್ಲ ಬರಿದಾದ ಕಾಲದಲ್ಲಿ ಇಷ್ಟಿಷ್ಟೇ ಕೊಡುತ್ತ ಹೋಗುವುದೇ ಈ ಗಿಡದ ಸೊಗಸು.

ಕುಡಿ ಕಿತ್ತರೆ ಆ ನಿಧಾನಕ್ಕೆ ತೆರೆ ಬೀಳುತ್ತದೆ. ಹೊಸ ಎಲೆಗೆ ಹೋಗುತ್ತಿದ್ದ ಪೋಷಣೆ ಇರುವ ಮೊಗ್ಗುಗಳಿಗೆ ಹರಿದು, ದಂಟಿನುದ್ದಕ್ಕೂ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೆ ಬಲಿಯುತ್ತವೆ. ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್ ಕರಾವಳಿಯಲ್ಲಿ ಎಕರೆಗಟ್ಟಲೆ ಬೆಳೆದು ಒಂದೇ ಸಲ ದಂಟು ಕಡಿದು ಯಂತ್ರಕ್ಕೆ ಕೊಡುವ ರೈತರಿಗೆ ಇದು ಬೇಕು. ನಾಲ್ಕು ಜನರ ಮನೆಗೆ ಇಡೀ ಸಾಲಿನ ಬೆಳೆ ಒಂದೇ ವಾರದಲ್ಲಿ ಏಕೆ ಬೇಕು? ಕ್ರಿಸ್‌ಮಸ್ ಊಟಕ್ಕೆ ರಾಶಿ ಇರಬೇಕು ಎಂಬುದು ಚಿವುಟುವವರ ಉತ್ತರ. ಒಂದು ಊಟಕ್ಕಾಗಿ ಜನವರಿ, ಫೆಬ್ರವರಿ ಎರಡನ್ನೂ ಬರಿದು ಮಾಡಿಕೊಳ್ಳುವುದು ಯಾವ ಸೀಮೆಯ ಲೆಕ್ಕ? ನೆತ್ತಿಯ ಎಲೆಗಳು ದಂಡಪಿಂಡಗಳೇನಲ್ಲ. ಗಿಡಕ್ಕೆ ಆಹಾರ ತಯಾರಿಸುವುದು ಅವೇ, ಕೆಳಗಿನ ಮೊಗ್ಗುಗಳನ್ನು ಮಳೆ-ಮಂಜಿನಿಂದ ಮರೆಮಾಡುವುದೂ ಅವೇ. ಎಲ್ಲ ಕೊಯ್ದು ಮುಗಿದ ಮೇಲೆ ಆ ಕುಡಿಯನ್ನೇ ಸೊಪ್ಪಿನಂತೆ ಬೇಯಿಸಿ ತಿನ್ನಬಹುದು, ಎಳೆ ಎಲೆಕೋಸಿನ ರುಚಿ. ಅದನ್ನು ಸೆಪ್ಟೆಂಬರಿನಲ್ಲೇ ಗೊಬ್ಬರದ ಗುಂಡಿಗೆ ಎಸೆದು ಬುದ್ಧಿವಂತಿಕೆಯ ಮಾತಾಡುವವರನ್ನು ಕಂಡರೆ ಸಿಟ್ಟು ಬಾರದೆ ಇರುತ್ತದೆಯೇ?

ಬಿಗಿಯಾದ ಮರಿಕೋಸು ಬೇಕಾದರೆ ಬುಡ ನೋಡಬೇಕು. ಸಡಿಲ ಮಣ್ಣಿನಲ್ಲಿ ಗಾಳಿಗೆ ಓಲಾಡುವ ಗಿಡದ ಮೊಗ್ಗುಗಳು ಬಿರಿದುಕೊಂಡು ಜೊಳ್ಳಾಗುತ್ತವೆ. ಹಾಗಾಗಿ ಹಿಂದಿನ ಶರತ್ಕಾಲದಲ್ಲೇ ಗೊಬ್ಬರ ಸೇರಿಸಿ ಅಗೆದು, ಪಾತಿಯನ್ನು ಚಳಿಗಾಲವಿಡೀ ತಾನಾಗಿ ಕುಸಿದು ಕೂರಲು ಬಿಡಬೇಕು. ನಾಟಿಯ ದಿನ ಮತ್ತೆ ಗುದ್ದಲಿ ಎತ್ತಬಾರದು. ಸಸಿಯನ್ನು ಕೆಳಗಿನ ಎಲೆಯ ಮಟ್ಟಕ್ಕೆ ಹೂತು, ಸುತ್ತಲೂ ಹಿಮ್ಮಡಿಯಿಂದ ಒತ್ತಿ ತುಳಿಯಬೇಕು. ಮೆಲ್ಲಗೆ ಅಲ್ಲ, ಮೈಭಾರ ಬಿಟ್ಟು. ಆಮೇಲೆ ಒಂದು ಎಲೆಯ ತುದಿ ಹಿಡಿದು ಎಳೆದು ನೋಡಬೇಕು. ಎಲೆ ಹರಿಯಬೇಕು, ಗಿಡ ಅಲುಗಬಾರದು. ಈ ಪರೀಕ್ಷೆಯಲ್ಲಿ ಪಾಸಾದ ಸಸಿಗೆ ಕುಡಿ ಚಿವುಟುವ ಉಪಚಾರ ಬೇಕಾಗುವುದೇ ಇಲ್ಲ. ಗಿಡದಿಂದ ಗಿಡಕ್ಕೆ 60ರಿಂದ 75 ಸೆಂಟಿಮೀಟರ್, ಹುಳಿಮಣ್ಣಿಗೆ ಸುಣ್ಣ, ಪಾರಿವಾಳಕ್ಕೂ ಬಿಳಿ ಚಿಟ್ಟೆಗೂ ಬಲೆ, ಗಾಳಿಯ ಜಾಗವಾದರೆ ಒಂದು ಊರುಗೋಲು. ಇವೆಲ್ಲ ಬೆಳೆಯುವವರಿಗೆ ಗೊತ್ತಿರುವುದೇ.

ಎಲ್ಲವೂ ಒಟ್ಟಿಗೆ ಬಲಿಯಲಿ ಎಂಬ ಹಟ ಒಮ್ಮೆ ಈ ತರಕಾರಿಯ ಹೆಸರನ್ನೇ ಕೆಡಿಸಿತ್ತು. 1960ರ ದಶಕದ ನಂತರ ಯಂತ್ರದ ಕೊಯ್ಲು ಹಬ್ಬಿದಾಗ, ಅದಕ್ಕೆ ಹೊಂದುವ, ಹೆಚ್ಚು ಇಳುವರಿಯ ತಳಿಗಳು ಹೊಲಗಳನ್ನು ತುಂಬಿದವು. ಅವುಗಳಲ್ಲಿ ಎಷ್ಟೋ ಬಾಯಿಗಿಡಲಾರದಷ್ಟು ಕಹಿ. ಮಕ್ಕಳು ತಟ್ಟೆಯ ಅಂಚಿಗೆ ತಳ್ಳಿದ್ದು ಆ ಕಹಿಯನ್ನು. 1990ರ ದಶಕದಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿ ಹ್ಯಾನ್ಸ್ ವಾನ್ ಡೋರ್ನ್ ಅದರ ಮೂಲ ಪತ್ತೆಹಚ್ಚಿದರು: ಸಿನಿಗ್ರಿನ್ ಮತ್ತು ಪ್ರೊಗಾಯಿಟ್ರಿನ್ ಎಂಬ ಎರಡು ಗ್ಲುಕೋಸಿನೊಲೇಟ್‌ಗಳು. ಆಮೇಲೆ ಬೀಜದ ಕಂಪನಿಗಳು ಹಳೆಯ ಸಂಗ್ರಹಗಳನ್ನು ಕೆದಕಿ, ಕಹಿ ಕಡಿಮೆಯಿರುವ ಮರೆತ ತಳಿಗಳನ್ನು ಹುಡುಕಿ ತೆಗೆದು, ಇಳುವರಿಯ ತಳಿಗಳೊಂದಿಗೆ ಸಂಕರ ಮಾಡಿದವು. ಇಂದು ಅಂಗಡಿಯಲ್ಲಿ ಸಿಗುವ ಸೌಮ್ಯ ರುಚಿ ಅಲ್ಲಿಂದ ಬಂದದ್ದು.

ಕಹಿ ಎಲ್ಲ ನಾಲಗೆಗೂ ಒಂದೇ ಸಮನಲ್ಲ. ಟಿಎಎಸ್2ಆರ್38 ಎಂಬ ಜೀನಿನ ಬಗೆಗೆ ತಕ್ಕಂತೆ ಕೆಲವರಿಗೆ ಇದು ಬಲು ಕಹಿ, ಕೆಲವರಿಗೆ ಅಷ್ಟಕ್ಕಷ್ಟೇ. ಬೇಡವೆಂದು ಮುಖ ತಿರುಗಿಸುವ ಮಗುವನ್ನು ಗದರುವುದು ಅನ್ಯಾಯ.

ತೋಟಗಾರನ ಕೈಯಲ್ಲಿರುವ ಮದ್ದು ಚಳಿ. ಮಂಜು ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಗಿಡ ತನ್ನ ಜೀವಕೋಶಗಳನ್ನು ಕಾಪಾಡಿಕೊಳ್ಳಲು ಸಕ್ಕರೆ ಹೆಚ್ಚಿಸಿಕೊಳ್ಳುತ್ತದೆ; ಜನವರಿಯ ಮರಿಕೋಸು ಅಕ್ಟೋಬರಿನದಕ್ಕಿಂತ ಸಿಹಿಯಾಗುವುದು ಅದರಿಂದ. ಕುಡಿ ಚಿವುಟಿ ಮಂಜಿಗೆ ಮುಂಚೆಯೇ ಎಲ್ಲವನ್ನೂ ಬಲಿಸಿ ಕೊಯ್ದುಕೊಳ್ಳುವವರು ಇದನ್ನೇ ಕಳೆದುಕೊಳ್ಳುತ್ತಾರೆ. ಬೆಂಗಳೂರಿನ ತಾರಸಿಯಲ್ಲಿ ಬೀಜ ಹಾಕಿದವರಿಗೂ ಈ ಸಿಹಿ ದಕ್ಕದು. ಅಲ್ಲಿನ ಡಿಸೆಂಬರ್ ಎಷ್ಟು ತಂಪಾದರೂ ನೀರು ಹೆಪ್ಪುಗಟ್ಟುವುದಿಲ್ಲ. ನೀಲಗಿರಿಯ ಕಣಿವೆಗಳಲ್ಲಿ ಬೀಳುವಂಥ ಹೆಪ್ಪುಮಂಜು ಬೇಕು.

ಹಳೆಯ ತಳಿಗಳನ್ನು ಬೆಳೆಯುವವರಿಗೆ ಇನ್ನೊಂದು ಲಾಭ. ಬೆಡ್‌ಫರ್ಡ್ ಫಿಲ್‌ಬ್ಯಾಸ್ಕೆಟ್, ಈವ್‌ಶಾಮ್ ಸ್ಪೆಷಲ್‌ನಂಥವು ಬಹಳ ದಿನ ಬಿಡಿಬಿಡಿಯಾಗಿ ಕೊಡುತ್ತವೆ, ಬೀಜವನ್ನೂ ಉಳಿಸಿಕೊಳ್ಳಬಹುದು. ಕುಡಿ ಉಳಿದ ಗಿಡ ಎರಡನೆಯ ವಸಂತದಲ್ಲಿ ಹಳದಿ ಹೂ ಬಿಡುತ್ತದೆ. ಪಕ್ಕದಲ್ಲಿ ಎಲೆಕೋಸೋ ಕೇಲ್ ಸೊಪ್ಪೋ ಹೂಬಿಟ್ಟಿದ್ದರೆ ಜೇನ್ನೊಣಗಳು ಪರಾಗ ಬೆರೆಸಿಬಿಡುತ್ತವೆ, ಪ್ರಭೇದ ಒಂದೇ ತಾನೆ. ಅದನ್ನೇ ಬೇಕೆಂದು ಮಾಡಿದವರೂ ಇದ್ದಾರೆ: ಬ್ರಿಟನ್ನಿನ ಟೋಜರ್ ಸೀಡ್ಸ್ ಕಂಪನಿ ಕೇಲ್ ಮತ್ತು ಬ್ರಸೆಲ್ಸ್ ಸ್ಪ್ರೌಟ್ಸ್ ಸೇರಿಸಿ ಫ್ಲವರ್ ಸ್ಪ್ರೌಟ್ ಎಂಬ ಹೊಸ ತರಕಾರಿಯನ್ನೇ ತಂದಿತು. ಅದರ ದಂಟಿನ ಮೇಲೂ ಸಾಲುಸಾಲು ಮೊಗ್ಗು, ಆದರೆ ಬಿಗಿದ ಉಂಡೆಗಳಲ್ಲ. ನೇರಳೆ ಮತ್ತು ಹಸಿರಿನ ಮಡಿಕೆಮಡಿಕೆ ಎಲೆಗಳು, ಪೂರಾ ಬಿರಿದವು. ಅದಕ್ಕೂ ಪಾತಿ ಗಟ್ಟಿಯಾಗಿಯೇ ಇರಬೇಕು.