ಅಜ್ಜಿಯ ಕಣ್ಣೊಳಗಿನ ಬೇಳೆಕಾಳು

ಹೋದ ಸೆಮಿಸ್ಟರ್ ರಜೆಯಲ್ಲಿ ಅಜ್ಜಿಯನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗೋ ಕೆಲಸ ನನಗೆ ಬಿತ್ತು. ಡಾಕ್ಟರ್ ಹತ್ರ ನಾನೇ ಇಂಗ್ಲಿಷಲ್ಲಿ ಶುರು ಮಾಡಿದೆ, ಅವರೂ ಇಂಗ್ಲಿಷಲ್ಲೇ ಹೇಳಿದರು. ಹೊರಗೆ ಬಂದ ಮೇಲೆ ಅಜ್ಜಿ "ಏನಂತೆ ಮಗಾ?" ಅಂದಳು.

"ಕ್ಯಾಟರಾಕ್ಟ್ ಅಂತೆ ಅಜ್ಜಿ. ಸರ್ಜರಿ ಮಾಡ್ಬೇಕಂತೆ."

"ಹಂಗಂದ್ರೆ?"

"ಲೆನ್ಸ್ ಒಪೇಕ್ ಆಗಿದೆ."

ಅಜ್ಜಿ ಮತ್ತೇನೂ ಕೇಳಲಿಲ್ಲ. ರಾತ್ರಿ ಊಟಕ್ಕೂ ಬರಲಿಲ್ಲ. ಅಮ್ಮ ನನ್ನ ಹತ್ರ ಬಂದು, "ಏನೋ ಹೇಳಿದೆ ಅವರಿಗೆ? ಕ್ಯಾನ್ಸರ್ ಅಂದ್ಕೊಂಡು ಅಳ್ತಾ ಕೂತಿದಾರೆ" ಅಂದಳು. ಆಮೇಲೆ ಅಮ್ಮನೇ ಹೋಗಿ "ಅತ್ತೆ, ಕಣ್ಣಿಗೆ ಪೊರೆ ಬಂದಿದೆ ಅಷ್ಟೇ" ಅಂದಳು.

"ಪೊರೆನಾ? ಈ ಮುಂಡೇದು ನೆಟ್ಟಗೆ ಹೇಳಬಾರದಾ!" ಅಂತ ನನ್ನ ಬೈದು, ಅಜ್ಜಿ ಎದ್ದು ಬಂದು ಮುದ್ದೆ ತಿಂದಳು.

ಪಿಯುಸಿಯಲ್ಲಿ ಲೆನ್ಸ್ ಫಾರ್ಮುಲಾ ಡಿರೈವ್ ಮಾಡಿ ಫುಲ್ ಮಾರ್ಕ್ಸ್ ತಗೊಂಡವನು ನಾನು. ನಾಚಿಕೆ ಆಯ್ತು. ಅವತ್ತು ರಾತ್ರಿ ಮೊಬೈಲ್ ಹಿಡಿದು ಈ ಪದಗಳ ಹಿಂದೆ ಬಿದ್ದೆ.

ಕ್ಯಾಟರಾಕ್ಟ್ ಗ್ರೀಕ್ ಮೂಲದ ಪದ. ಅರ್ಥ, ಜಲಪಾತ! ತಲೆಯಿಂದ ಏನೋ ದ್ರವ ಇಳಿದು ಕಣ್ಣಿಗೆ ಅಡ್ಡ ನಿಲ್ಲುತ್ತೆ ಅಂತ ಹಳೇ ಕಾಲದ ವೈದ್ಯರು ನಂಬಿದ್ದರು. ಅರಬ್ ವೈದ್ಯರೂ ಇದನ್ನ 'ನೀರು ಇಳಿಯೋದು' ಅಂತಲೇ ಕರೆದರು. ಆದರೆ ನೀರು ಎಲ್ಲಿಂದಲೂ ಇಳಿಯಲ್ಲ. ವಯಸ್ಸಾದಂತೆ ಲೆನ್ಸಿನೊಳಗಿನ ಪ್ರೋಟೀನುಗಳೇ ಗಂಟುಕಟ್ಟಿ ಮಬ್ಬಾಗುತ್ತವೆ. ಆ ನಂಬಿಕೆ ಸುಳ್ಳಾಗಿ 300 ವರ್ಷ ಆದ್ರೂ ಹೆಸರು ಮಾತ್ರ ಹಾಗೇ ಇದೆ. ನಮ್ಮ 'ಪೊರೆ', ಹಾವು ಕಳಚುತ್ತಲ್ಲ, ಅದೇ ಪೊರೆ. ಅದೂ ಪೂರ್ತಿ ಸರಿಯಲ್ಲ, ಕಣ್ಣಿನ ಮೇಲೆ ಪೊರೆ ಏನೂ ಬೆಳೆಯಲ್ಲ. ಆದ್ರೆ ಇದು ತೆಗೆದರೆ ಹೋಗೋ ವಸ್ತು ಅಂತ ಆ ಪದ ಕೇಳಿದ ತಕ್ಷಣ ಅಜ್ಜಿಗೆ ಗೊತ್ತಾಯ್ತು.

ಇನ್ನು ಲೆನ್ಸ್. ಲ್ಯಾಟಿನ್‌ನಲ್ಲಿ ಲೆನ್ಸ್ ಅಂದ್ರೆ ಮಸೂರ ಕಾಳು, ಅಂದ್ರೆ ನಮ್ಮನೆ ಚನ್ನಂಗಿ ಬೇಳೆ. ಎರಡೂ ಕಡೆ ಉಬ್ಬಿರೋ ಆಕಾರ ನೋಡಿ ಆ ಹೆಸರು ಇಟ್ಟಿದ್ದು. ಕನ್ನಡ ಮೀಡಿಯಂನಲ್ಲಿ ಓದಿದ ನನ್ನ ರೂಮ್‌ಮೇಟ್ 'ಪೀನ ಮಸೂರ' ಅಂದಾಗ ನಾನು ನಕ್ಕಿದ್ದೆ. ಅವನಿಗೆ ಸಾರಿ ಮೆಸೇಜ್ ಹಾಕಿದೆ. ಆಪರೇಷನ್ ಹೆಸರು ಫೇಕೋ ಅಂತ ಡಾಕ್ಟರ್ ಹೇಳಿದ್ದರು. ಗ್ರೀಕ್‌ನ 'ಫಾಕೋಸ್' ಅಂದ್ರೂ ಅದೇ ಕಾಳು! ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ತಂದ ವಿಧಾನ ಅದು. ಅಲ್ಟ್ರಾಸೌಂಡ್ ಕಂಪನದಿಂದ ಮಬ್ಬು ಲೆನ್ಸ್ ಪುಡಿ ಮಾಡಿ, ಹೀರಿ ತೆಗೀತಾರೆ. ಆಮೇಲೆ ಆ ಜಾಗದಲ್ಲಿ ಹೊಸ ಲೆನ್ಸ್ ಕೂರಿಸ್ತಾರೆ.

ಬೆಳಿಗ್ಗೆ ಅಡುಗೆಮನೆಯಿಂದ ಒಂದು ಹಿಡಿ ಚನ್ನಂಗಿ ತಂದು ಅಜ್ಜಿ ಮುಂದೆ ಕೂತೆ. "ಅಜ್ಜಿ, ಕಣ್ಣ ಪಾಪೆ ಹಿಂದೆ ಇಂಥದ್ದೊಂದು ಕಾಳು ಇರುತ್ತೆ, ಗಾಜಿನ ಥರ. ನಿಂದು ಮಬ್ಬಾಗಿದೆ. ಅದನ್ನ ಪುಡಿ ಮಾಡಿ ತೆಗೆದು ಹೊಸದು ಇಡ್ತಾರೆ." ಅಜ್ಜಿ ಒಂದು ಕಾಳನ್ನ ಬೆರಳಲ್ಲಿ ಹಿಡಿದು ಕಣ್ಣ ಹತ್ರ ತಂದು ನೋಡಿದಳು. "ಇಷ್ಟೇನಾ? ಮಾಡ್ಸು ಮತ್ತೆ" ಅಂದಳು.

ಆಪರೇಷನ್ ಆಯ್ತು. ಮಾರನೇ ದಿನ ಪಟ್ಟಿ ಬಿಚ್ಚಿದಾಗ ನನ್ನ ಮುಖಾನೇ ದಿಟ್ಟಿಸಿ ನೋಡಿದಳು. "ಏನ್ ಮಗಾ, ಇಷ್ಟು ಸೊರಗಿದೀಯಾ? ಹಾಸ್ಟೆಲಲ್ಲಿ ಊಟ ಹಾಕಲ್ವಾ?"