ಮೂರು ಪಾಯಿಂಟ್, ಐದು ಗೋಲು, ತೊಂಬತ್ತು ನಿಮಿಷ

ಗೆದ್ದರೆ ಸಾಲದು, ದೊಡ್ಡದಾಗಿ ಗೆಲ್ಲಬೇಕು. ಅದೂ ಸಾಲದು. ಸುಮಾರು ಇನ್ನೂರು ಕಿಲೋಮೀಟರ್ ಆಚೆಯ ಇನ್ನೊಂದು ಊರಿನಲ್ಲಿ, ತನ್ನ ಕೈಯಲ್ಲಿಲ್ಲದ ಇನ್ನೊಂದು ಪಂದ್ಯದಲ್ಲಿ, ಪೈಪೋಟಿಯ ತಂಡ ಸೋಲಬೇಕು. ಬರೀ ಸೋತರೂ ಆಗದು, ಚೆನ್ನಾಗಿಯೇ ಸೋಲಬೇಕು. 2020ರ ಜುಲೈ 22ರ ಸಂಜೆ ವೇಲ್ಸ್‌ನ ಸ್ವಾನ್ಸಿ ಸಿಟಿ ತಂಡ ಇಂಗ್ಲೆಂಡಿನ ರೆಡಿಂಗ್ ಊರಿನ ಮಡೆಸ್ಕಿ ಮೈದಾನಕ್ಕೆ ಇಳಿದಾಗ ಅದರ ಹೆಗಲ ಮೇಲಿದ್ದ ಲೆಕ್ಕ ಇದು.

ಪಂದ್ಯಾವಳಿಯ ಹೆಸರು ಚಾಂಪಿಯನ್‌ಶಿಪ್. ಇಂಗ್ಲಿಷ್ ಫುಟ್‌ಬಾಲ್‌ನ ಎರಡನೇ ಹಂತ. 24 ತಂಡಗಳು, ಒಂದೊಂದಕ್ಕೂ 46 ಪಂದ್ಯಗಳು. ಮೊದಲ ಎರಡು ಸ್ಥಾನದವರು ನೇರವಾಗಿ ಪ್ರೀಮಿಯರ್ ಲೀಗ್‌ಗೆ ಹೋಗುತ್ತಾರೆ. ಆ ವರ್ಷದ ನಿಯಮದಂತೆ ಮೂರರಿಂದ ಆರನೇ ಸ್ಥಾನದವರಿಗೆ ಪ್ಲೇ-ಆಫ್, ಅದರಲ್ಲಿ ಗೆದ್ದ ಒಬ್ಬರಿಗೆ ಮಾತ್ರ ಮೂರನೇ ಟಿಕೆಟ್. ಏಳನೇ ಸ್ಥಾನಕ್ಕೆ ಏನೂ ಇರಲಿಲ್ಲ. ಆರಕ್ಕೂ ಏಳಕ್ಕೂ ನಡುವೆ ಇದ್ದ ಒಂದು ಗೆರೆಯ ಮೇಲೆ ಒಂದು ಊರಿನ ಇಡೀ ವರ್ಷ ನಿಂತಿತ್ತು.

ಕೊನೆಯ ದಿನದ ಬೆಳಿಗ್ಗೆ ಪಟ್ಟಿ ಹೀಗಿತ್ತು: ನಾಟಿಂಗ್‌ಹ್ಯಾಮ್ ಫಾರೆಸ್ಟ್ 70 ಪಾಯಿಂಟ್, ಗೋಲು ಅಂತರ ಪ್ಲಸ್ 11. ಸ್ವಾನ್ಸಿ 67 ಪಾಯಿಂಟ್, ಗೋಲು ಅಂತರ ಪ್ಲಸ್ 6. ಫಾರೆಸ್ಟ್‌ಗೆ ಒಂದೇ ಒಂದು ಪಾಯಿಂಟ್ ಸಾಕು. ತವರಿನಲ್ಲಿ ಒಂದು ಡ್ರಾ ಮಾಡಿಕೊಂಡರೂ ಕಥೆ ಮುಗಿಯಿತು. ಫಾರೆಸ್ಟ್ ಅನ್ನು ದಾಟಲು ಸ್ವಾನ್ಸಿಗೆ ಗೆಲುವು ಬೇಕು, ಫಾರೆಸ್ಟ್ ಸೋಲು ಬೇಕು, ಎರಡೂ ಸೇರಿ ಐದು ಗೋಲುಗಳ ಏರುಪೇರು ಬೇಕು. 2024ರ ಮೇ 18ರ ರಾತ್ರಿ ಚಿನ್ನಸ್ವಾಮಿಯಲ್ಲಿ ಚೆನ್ನೈ ವಿರುದ್ಧ ಆರ್‌ಸಿಬಿಗೆ ಬರೀ ಗೆಲುವಲ್ಲ, 18 ರನ್‌ಗಳ ಅಂತರವೂ ಬೇಕು ಎಂದು ಉಗುರು ಕಚ್ಚುತ್ತ ಕೂತವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅಲ್ಲಿ ಎರಡೂ ತಂಡಗಳು ಒಂದೇ ಮೈದಾನದಲ್ಲಿದ್ದವು. ಹೊಡೆತ ಯಾರಿಗೆ ಬೀಳಬೇಕೋ ಅವರು ಕಣ್ಣೆದುರೇ ಇದ್ದರು. ಸ್ವಾನ್ಸಿ ಸೋಲಿಸಬೇಕಿದ್ದ ತಂಡ ಅದರ ಮುಂದೆ ಇರಲೇ ಇಲ್ಲ.

ಫಾರೆಸ್ಟ್ ಸಣ್ಣ ಹೆಸರಲ್ಲ. ಬ್ರಯಾನ್ ಕ್ಲಫ್ ಕಾಲದಲ್ಲಿ, 1979 ಮತ್ತು 1980ರಲ್ಲಿ, ಸತತ ಎರಡು ಬಾರಿ ಯುರೋಪಿಯನ್ ಕಪ್ ಎತ್ತಿದ ಕ್ಲಬ್ ಅದು. 1999ರಲ್ಲಿ ಮೇಲ್ಮಟ್ಟದಿಂದ ಇಳಿದದ್ದು ಮತ್ತೆ ಏರಿರಲಿಲ್ಲ. ಫ್ರೆಂಚ್ ಕೋಚ್ ಸಾಬ್ರಿ ಲಮೂಶಿ ಕೈಯಲ್ಲಿ ಆ ವರ್ಷ ಬಾಗಿಲಿನವರೆಗೂ ಬಂದು ನಿಂತಿತ್ತು. ಕೋವಿಡ್‌ನಿಂದ ಮಾರ್ಚ್‌ನಲ್ಲಿ ನಿಂತ ಲೀಗ್ ಜೂನ್ 20ರಂದು ಖಾಲಿ ಮೈದಾನಗಳಲ್ಲಿ ಮತ್ತೆ ಶುರುವಾಯಿತು. ಅಲ್ಲಿಂದ ಫಾರೆಸ್ಟ್‌ನ ಕಾಲು ತಡವರಿಸತೊಡಗಿತು. ಜುಲೈ 4ರಂದು ಡಾರ್ಬಿ ವಿರುದ್ಧ ಗೆಲುವು ಕೈಯಲ್ಲಿದ್ದಾಗ 97ನೇ ನಿಮಿಷದಲ್ಲಿ ಕ್ರಿಸ್ ಮಾರ್ಟಿನ್ ಸಮ ಮಾಡಿದ. ಜುಲೈ 15ರಂದು ಇದೇ ಸ್ವಾನ್ಸಿ ಜೊತೆ 2-2. ಜುಲೈ 19ರಂದು ಕೆಳಗಿನಿಂದ ಮೇಲೇಳಲು ಒದ್ದಾಡುತ್ತಿದ್ದ ಬಾರ್ನ್ಸ್ಲಿ ಇಂಜುರಿ ಸಮಯದಲ್ಲಿ ಗೋಲು ಹೊಡೆದು 1-0ಯಿಂದ ಗೆದ್ದಿತು. ಆ 97ನೇ ನಿಮಿಷ ಇನ್ನೊಂದು ರೀತಿ ಕಳೆದಿದ್ದರೆ, ಅಥವಾ ಬಾರ್ನ್ಸ್ಲಿಯ ಆ ಒಂದು ಚೆಂಡು ಹೊರಗೆ ಹೋಗಿದ್ದರೆ, ಜುಲೈ 22ಕ್ಕೆ ಲೆಕ್ಕವೇ ಉಳಿಯುತ್ತಿರಲಿಲ್ಲ.

ಸ್ವಾನ್ಸಿಯ ಕಡೆ ನೋಡಿ. 2018ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಬಿದ್ದ ಕ್ಲಬ್. 2019ರಲ್ಲಿ ಕೋಚ್ ಗ್ರಹಾಂ ಪಾಟರ್ ಬ್ರೈಟನ್‌ಗೆ ಹೋದರು. ಡ್ಯಾನಿಯಲ್ ಜೇಮ್ಸ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮಾರಾಟವಾದ, ಆಲಿ ಮೆಕ್‌ಬರ್ನಿ ಶೆಫೀಲ್ಡ್ ಯುನೈಟೆಡ್‌ಗೆ. ಪಾಟರ್ ಜಾಗಕ್ಕೆ ಬಂದ ಕೋಚ್ ಸ್ಟೀವ್ ಕೂಪರ್, ವೇಲ್ಸ್‌ನವರೇ, ರೆಫರಿ ಕೀತ್ ಕೂಪರ್ ಅವರ ಮಗ. ದೊಡ್ಡವರ ತಂಡ ನಡೆಸಿದ ಅನುಭವ ಹೆಚ್ಚಿರಲಿಲ್ಲ. ಆದರೆ ಅವರ ಹಿಂದೆ ಒಂದು ಭಾರತದ ನೆನಪಿತ್ತು.

2017ರ ಅಕ್ಟೋಬರ್ 28, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ. 17 ವರ್ಷದೊಳಗಿನವರ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್ 2-0 ಮುಂದಿತ್ತು. ಅಲ್ಲಿಂದ ಎದ್ದು ಬಂದ ಇಂಗ್ಲೆಂಡ್ ಹುಡುಗರು 5-2ರಿಂದ ಗೆದ್ದರು. ಆ ತಂಡದ ಕೋಚ್ ಕೂಪರ್. ಆ ವಾಪಸಾತಿಯ ಮೊದಲ ಗೋಲು ರಿಯಾನ್ ಬ್ರೂಸ್ಟರ್‌ನದು. ಗೋವಾದಲ್ಲಿ ಅಮೆರಿಕದ ವಿರುದ್ಧ ಹ್ಯಾಟ್ರಿಕ್, ಕೋಲ್ಕತ್ತದಲ್ಲಿ ಬ್ರೆಜಿಲ್ ವಿರುದ್ಧ ಹ್ಯಾಟ್ರಿಕ್, ಒಟ್ಟು ಎಂಟು ಗೋಲು, ಟೂರ್ನಿಯ ಗೋಲ್ಡನ್ ಬೂಟ್. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದೇ ಹುಡುಗ ಕಾಲಿಗೆ ಭಾರಿ ಗಾಯವಾಗಿ ವರ್ಷಕ್ಕೂ ಹೆಚ್ಚು ಕಾಲ ಮೈದಾನದಿಂದ ದೂರ ಉಳಿದ. 2020ರ ಜನವರಿಯಲ್ಲಿ ಲಿವರ್‌ಪೂಲ್‌ನಿಂದ ಅವನನ್ನು ಸಾಲದ ಮೇಲೆ ಕರೆಸಿಕೊಂಡದ್ದು ಕೂಪರ್. ಕೋಲ್ಕತ್ತ ಫೈನಲ್‌ನಲ್ಲಿ ಗೋಲು ಹೊಡೆದ ರಕ್ಷಣಾ ಆಟಗಾರ ಮಾರ್ಕ್ ಗೇಹಿಯನ್ನೂ ಚೆಲ್ಸಿಯಿಂದ ತಂದರು. ಹಿಂದೆ ಬಿದ್ದಾಗ ಕಂಗೆಡದ ಹುಡುಗರು ಯಾರು ಎಂಬುದನ್ನು ಈ ಕೋಚ್ ನಮ್ಮ ನೆಲದಲ್ಲಿ ಕಣ್ಣಾರೆ ಕಂಡಿದ್ದರು. ರೆಡಿಂಗ್‌ನ ಆ ರಾತ್ರಿಯನ್ನು ಅದೃಷ್ಟ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಆಟ ಶುರು. ಭಾರತದಲ್ಲಿ ಆಗ ನಡುರಾತ್ರಿ. ಎರಡೂ ಊರುಗಳಲ್ಲಿ ಒಂದೇ ಹೊತ್ತಿಗೆ ಸೀಟಿ. ಗ್ಯಾಲರಿಗಳು ಖಾಲಿ. ಪಕ್ಕದ ಪಂದ್ಯದಲ್ಲಿ ಗೋಲಾಯಿತು ಎಂದು ಬೊಬ್ಬೆ ಹೊಡೆದು ಆಟಗಾರರಿಗೆ ತಿಳಿಸುವ ಅಭಿಮಾನಿಗಳಿಲ್ಲ. ಊರಿಗೆ ಊರೇ ಮನೆಯೊಳಗೆ ರೇಡಿಯೋ, ಫೋನು, ಟಿವಿಯ ಮುಂದೆ.

ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಬ್ರೂಸ್ಟರ್! ಸ್ವಾನ್ಸಿ 1, ರೆಡಿಂಗ್ 0. ನಾಟಿಂಗ್‌ಹ್ಯಾಮ್‌ನಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ಟೋಕ್ ಸಿಟಿಯ ಡ್ಯಾನಿ ಬಾತ್ ಚೆಂಡನ್ನು ಬಲೆಗೆ ಸೇರಿಸಿದ. ಕೆಳಗಿಳಿಯುವ ಭಯದಿಂದ ಅದಾಗಲೇ ಪಾರಾಗಿದ್ದ ಸ್ಟೋಕ್‌ಗೆ ಆ ಪಂದ್ಯದಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಅವರು ಆಡಿದರು, ಪೂರ್ತಿ ಆಡಿದರು. ಇಂಗ್ಲಿಷ್ ಫುಟ್‌ಬಾಲ್ ಬಗ್ಗೆ ನನಗಿರುವ ಗೌರವದಲ್ಲಿ ದೊಡ್ಡ ಪಾಲು ಇಂಥ ತಂಡಗಳಿಗೆ ಸೇರಬೇಕು.

ಮೊದಲಾರ್ಧದಲ್ಲೇ ರೆಡಿಂಗ್‌ನ ಯಾಕು ಮೇಟೆಗೆ ಕೆಂಪು ಕಾರ್ಡ್. ಎದುರಾಳಿಗಳು ಹತ್ತೇ ಮಂದಿ. ಇನ್ನೇನು ದಾರಿ ತೆರೆಯಿತು ಅನ್ನಬೇಕು. ಆದರೆ ಮೊದಲಾರ್ಧ ಮುಗಿಯುವ ಮುನ್ನವೇ ರೆಡಿಂಗ್‌ನ ರೊಮೇನಿಯಾ ಆಟಗಾರ ಜಾರ್ಜ್ ಪುಷ್ಕಾಶ್ ಸ್ಕೋರನ್ನು ಸಮ ಮಾಡಿಬಿಟ್ಟಿದ್ದ. ವಿರಾಮಕ್ಕೆ 1-1. ಅತ್ತ ಫಾರೆಸ್ಟ್ ಒಂದು ಗೋಲು ಹಿಂದಿದ್ದರೂ ಸುರಕ್ಷಿತವಾಗಿತ್ತು, ಏಕೆಂದರೆ ಡ್ರಾದಲ್ಲಿ ನಿಂತ ಸ್ವಾನ್ಸಿಯ ಪಾಯಿಂಟ್ 68 ದಾಟುತ್ತಿರಲಿಲ್ಲ. ಉಳಿದದ್ದು 45 ನಿಮಿಷ. ಹಾದಿ ಶುರುವಿನಲ್ಲಿ ಎಷ್ಟು ಉದ್ದವಿತ್ತೋ ಹೆಚ್ಚುಕಡಿಮೆ ಅಷ್ಟೇ ಉದ್ದ ಉಳಿದಿತ್ತು.

ಎರಡನೇ ಅರ್ಧ. ವೇಯ್ನ್ ರೌಟ್ಲೆಜ್ ಮೇಲೆ ಕಣ್ಣಿಡಿ. ವಯಸ್ಸು 35. 2011ರಿಂದ ಸ್ವಾನ್ಸಿಯಲ್ಲೇ. 2013ರಲ್ಲಿ ಲೀಗ್ ಕಪ್ ಗೆದ್ದ ತಂಡದಲ್ಲಿದ್ದವನು. ಕ್ಲಬ್ ಎತ್ತರದಲ್ಲಿದ್ದುದನ್ನೂ ಕಂಡವನು, ಬಿದ್ದದ್ದನ್ನೂ ಕಂಡವನು. ಯಾರೂ ಅವನನ್ನು ಗೋಲುಗಾರ ಎಂದು ಕರೆಯುತ್ತಿರಲಿಲ್ಲ. ಅವನೇ ಹೊಡೆದ. 2-1!

ಆದರೆ ನಾಟಿಂಗ್‌ಹ್ಯಾಮ್‌ನಿಂದ ಬಂದ ಸುದ್ದಿ ಕೆಟ್ಟದು. ಪೋರ್ಚುಗಲ್‌ನ ಟೊಬಿಯಾಸ್ ಫಿಗೆರೆಡೊ ಫಾರೆಸ್ಟ್ ಪರ ಸಮ ಮಾಡಿದ್ದ. 1-1. ಅಲ್ಲಿ ಡ್ರಾ ಆದರೆ ಫಾರೆಸ್ಟ್‌ಗೆ 71 ಪಾಯಿಂಟ್. ಇಲ್ಲಿ ಸ್ವಾನ್ಸಿ ನಲವತ್ತು ಗೋಲು ಹೊಡೆದರೂ 70. ಅಲ್ಲಿಗೆ ಕೈಚೆಲ್ಲಬಹುದಿತ್ತು. ಚೆಲ್ಲಲಿಲ್ಲ. ಬದಲಿ ಆಟಗಾರನಾಗಿ ಇಳಿದ 21 ವರ್ಷದ ಲಿಯಾಮ್ ಕಲೆನ್, ಕ್ಲಬ್‌ನ ಅಕಾಡೆಮಿಯಲ್ಲೇ ಬೆಳೆದ ಹುಡುಗ, ಮೂರನೆಯದನ್ನು ಹೊಡೆದ. 3-1.

ಅತ್ತ ಎಪ್ಪತ್ತನೇ ನಿಮಿಷ ದಾಟಿದ ಮೇಲೆ ಫಾರೆಸ್ಟ್ ಕುಸಿಯಿತು. ಜೇಮ್ಸ್ ಮೆಕ್ಲೀನ್ ಹೊಡೆದ, 1-2. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಲೀ ಗ್ರೆಗರಿ ಹೊಡೆದ, 1-3.

ಈಗ ಪಟ್ಟಿ ನೋಡಿ. ಎರಡೂ ತಂಡಗಳಿಗೆ 70 ಪಾಯಿಂಟ್. ಫಾರೆಸ್ಟ್‌ನ ಗೋಲು ಅಂತರ ಪ್ಲಸ್ 9. ಸ್ವಾನ್ಸಿಯದು ಪ್ಲಸ್ 8. ತವರಿನಲ್ಲಿ 3-1ರಿಂದ ಸೋಲುತ್ತಿದ್ದರೂ ಫಾರೆಸ್ಟ್ ಇನ್ನೂ ಆರನೇ ಸ್ಥಾನದಲ್ಲೇ ಇತ್ತು. ಐದು ಗೋಲುಗಳ ಅಂತರದಲ್ಲಿ ನಾಲ್ಕು ಕರಗಿ ಒಂದು ಉಳಿದಿತ್ತು. ಒಟ್ಟು ಹೊಡೆದ ಗೋಲುಗಳಲ್ಲಿ ಸ್ವಾನ್ಸಿ ಮುಂದಿದ್ದುದರಿಂದ ಅಂತರ ಸಮವಾದರೂ ಸಾಕಿತ್ತು. ಎರಡು ಊರುಗಳಲ್ಲಿ ಎಲ್ಲಾದರೂ ಒಂದು ಗೋಲು. ಒಂದೇ ಒಂದು.

ನಿಮಿಷಗಳು ಜಾರುತ್ತಿವೆ. ಎಂಬತ್ತು. ಎಂಬತ್ತೈದು. ಬೇರೆ ಯಾವ ದಿನವಾಗಿದ್ದರೂ 3-1 ಮುಂದಿರುವ ತಂಡ ಚೆಂಡನ್ನು ಮೂಲೆಗೆ ಒಯ್ದು ಸಮಯ ಕೊಲ್ಲುತ್ತಿತ್ತು. ಸ್ವಾನ್ಸಿಗೆ ಕೊಲ್ಲಲು ಸಮಯವೇ ಇರಲಿಲ್ಲ. ಗೆದ್ದ ಪಂದ್ಯವನ್ನೇ ಮತ್ತೆ ಗೆಲ್ಲಬೇಕು. ಹಾಗೆಂದು ಎಲ್ಲರೂ ಮುನ್ನುಗ್ಗಿದರೆ ಹಿಂದಿನಿಂದ ಒಂದು ಬೀಳಬಹುದು, ಬಿದ್ದರೆ ಅಂತರ ಮತ್ತೆ ಎರಡಾಗುತ್ತದೆ. ತೊಂಬತ್ತು. ಇಂಜುರಿ ಸಮಯ. ಮತ್ತೆ ಅದೇ 35 ವರ್ಷದ ಕಾಲು. ರೌಟ್ಲೆಜ್! 4-1!

ಪ್ಲಸ್ 9, ಪ್ಲಸ್ 9. ಹೊಡೆದ ಗೋಲು 62ಕ್ಕೆ 58. ಸ್ವಾನ್ಸಿ ಆರನೆಯದು, ಫಾರೆಸ್ಟ್ ಏಳನೆಯದು. ನಾಟಿಂಗ್‌ಹ್ಯಾಮ್‌ನ ಇಂಜುರಿ ಸಮಯದಲ್ಲಿ ಫಾರೆಸ್ಟ್‌ನ ಬದಲಿ ಆಟಗಾರ ನುನೊ ಡ ಕೋಸ್ಟಾನಿಂದಲೇ ಚೆಂಡು ಸ್ವಂತ ಬಲೆ ಸೇರಿ 1-4 ಆಯಿತು. ಐದು ಬೇಕಿದ್ದಲ್ಲಿ ಆರು ಗೋಲುಗಳ ಏರುಪೇರು ಆಗಿಹೋಯಿತು.

ಡ ಕೋಸ್ಟಾ ಬಗ್ಗೆ ಒಂದು ಮಾತು. ಫಾರೆಸ್ಟ್‌ನ ದುರಂತವನ್ನೆಲ್ಲ ಆ ಸ್ವಂತ ಗೋಲಿನ ತಲೆಗೆ ಕಟ್ಟುವುದು ಅನ್ಯಾಯ. ಅದು ಇಲ್ಲದಿದ್ದರೂ ರೌಟ್ಲೆಜ್‌ನ ಗೋಲಿನಿಂದ ಸ್ವಾನ್ಸಿ ದಾಟುತ್ತಿತ್ತು. ಕೊನೆಯ ಆರು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದ ತಂಡ ಅದು. ಬಾಗಿಲು ಮುಚ್ಚಿದ್ದು ಒಂದೇ ರಾತ್ರಿಯಲ್ಲಲ್ಲ.

ಸ್ವಾನ್ಸಿಗೆ ಇಂಥ ರಾತ್ರಿ ಹೊಸದೇನೂ ಆಗಿರಲಿಲ್ಲ. 2003ರ ಮೇ 3ರಂದು ಫುಟ್‌ಬಾಲ್ ಲೀಗ್‌ನಿಂದಲೇ ಹೊರಬೀಳುವ ಅಂಚಿನಲ್ಲಿ ನಿಂತು, ಹಳೆಯ ವೆಚ್ ಫೀಲ್ಡ್ ಮೈದಾನದಲ್ಲಿ 2-1 ಹಿಂದೆ ಬಿದ್ದು, ಜೇಮ್ಸ್ ಥಾಮಸ್‌ನ ಹ್ಯಾಟ್ರಿಕ್‌ನಿಂದ ಹಲ್ ಸಿಟಿಯನ್ನು 4-2ರಿಂದ ಸೋಲಿಸಿ ಉಳಿದುಕೊಂಡ ಕ್ಲಬ್ ಇದು. ಆ ದಿನ ಸೋತಿದ್ದರೆ ಮುಂದಿನ ಯಾವುದೂ ಇಲ್ಲ. ಎಂಟು ವರ್ಷಗಳ ನಂತರ, 2011ರಲ್ಲಿ, ವೆಂಬ್ಲಿಯಲ್ಲಿ ಇದೇ ರೆಡಿಂಗ್ ತಂಡವನ್ನು 4-2ರಿಂದ ಮಣಿಸಿ ಪ್ರೀಮಿಯರ್ ಲೀಗ್ ಏರಿತ್ತು.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಘಾನಾದ ಆಂಡ್ರೆ ಆಯೂ ಗೋಲಿನಿಂದ ಸ್ವಾನ್ಸಿ ಬ್ರೆಂಟ್‌ಫರ್ಡ್ ವಿರುದ್ಧ 1-0 ಗೆದ್ದಿತು. ಜುಲೈ 29ರಂದು ಎರಡನೇ ಪಂದ್ಯದಲ್ಲಿ 3-1 ಸೋತು ಹೊರಬಿತ್ತು. 1904ರಿಂದ ಬ್ರೆಂಟ್‌ಫರ್ಡ್‌ನ ಮನೆಯಾಗಿದ್ದ ಗ್ರಿಫಿನ್ ಪಾರ್ಕ್‌ನಲ್ಲಿ ನಡೆದ ಕೊನೆಯ ಪಂದ್ಯ ಅದು. ಮರುವರ್ಷ ಕೂಪರ್ ತಂಡ ಫೈನಲ್‌ವರೆಗೂ ಹೋಗಿ ವೆಂಬ್ಲಿಯಲ್ಲಿ ಮತ್ತೆ ಬ್ರೆಂಟ್‌ಫರ್ಡ್‌ಗೇ 2-0ರಿಂದ ಸೋತಿತು.

ಫಾರೆಸ್ಟ್ ಏನಾಯಿತು? 2021ರ ಸೆಪ್ಟೆಂಬರ್ ಹೊತ್ತಿಗೆ ಮೊದಲ ಏಳು ಪಂದ್ಯಗಳಲ್ಲಿ ಒಂದೇ ಪಾಯಿಂಟ್ ಗಳಿಸಿ ಪಟ್ಟಿಯ ತಳ ಸೇರಿತ್ತು. ಆಗ ಅವರು ಕರೆದದ್ದು ತಮ್ಮ ಕನಸು ಕಸಿದಿದ್ದ ಸ್ಟೀವ್ ಕೂಪರ್ ಅವರನ್ನೇ. ತಳದಲ್ಲಿದ್ದ ಆ ತಂಡವನ್ನು ಅವರು ಪ್ಲೇ-ಆಫ್‌ಗೆ ಒಯ್ದರು. 2022ರ ಮೇ 29ರಂದು ವೆಂಬ್ಲಿಯಲ್ಲಿ ಹಡರ್ಸ್‌ಫೀಲ್ಡ್ ವಿರುದ್ಧ 1-0 ಗೆಲ್ಲಿಸಿ, 23 ವರ್ಷಗಳ ನಂತರ ಫಾರೆಸ್ಟ್ ಅನ್ನು ಮೇಲ್ಮಟ್ಟಕ್ಕೆ ಮರಳಿಸಿದರು. ಆ ದಿನದ ಏಕೈಕ ಗೋಲು ಕೂಡ ಒಂದು ಸ್ವಂತ ಗೋಲು. ಈ ಬಾರಿ ಅದು ಎದುರಾಳಿಯದು.

ಪ್ರೀಮಿಯರ್ ಲೀಗ್‌ನ ಥಳುಕಿನ ಪಂದ್ಯಗಳನ್ನು ನಮ್ಮಲ್ಲಿ ನಿದ್ದೆಗೆಟ್ಟು ನೋಡುವವರಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ: ಮುಂದಿನ ಸಲ ಚಾಂಪಿಯನ್‌ಶಿಪ್‌ನ ಕೊನೆಯ ದಿನ ಬಂದಾಗ, ಪ್ಲೇ-ಆಫ್‌ನ ಕೊನೆಯ ಸ್ಥಾನಕ್ಕೆ ಕಾದಾಡುವ ಎರಡು ತಂಡಗಳ ಪಂದ್ಯಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು ನೋಡಿ. ಸ್ಕೋರು 3-1 ಆಯಿತೆಂದು ಎದ್ದು ಹೋಗಬೇಡಿ.